ಮೆಣಸಿನ ಹೂವಲ್ಲಿ ಥ್ರಿಪ್ಸ್ ಹಿಡಿಯುವ ಪುಟ್ಟ ತಿಗಣೆ: ನನ್ನ ಅನುಭವ

ಮೆಣಸಿನ ಗಿಡಕ್ಕೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ ಬಂದರೆ ನಾನು ಮೊದಲು ಹೂ ತಟ್ಟಿ ನೋಡುತ್ತೇನೆ. ಹೂವಿನ ಕೆಳಗೆ ಬಿಳಿ ಹಾಳೆ ಹಿಡಿದು ಮೆಲ್ಲಗೆ ತಟ್ಟಿದರೆ ಒಳಗಿದ್ದದ್ದೆಲ್ಲ ಉದುರುತ್ತದೆ. ಥ್ರಿಪ್ಸ್ ಸಣ್ಣ ಕಡ್ಡಿ ಚೂರಿನ ಹಾಗಿರುತ್ತವೆ. ಅವುಗಳ ನಡುವೆ ಸರಸರ ಓಡಾಡುವ, ಕಪ್ಪು ಬೆನ್ನಿನ ಮೇಲೆ ಬಿಳಿ ಮಚ್ಚೆ ಇರುವ ಅಗಲ ಮೈಯ ಕೀಟ ಕಂಡರೆ ಅದು ಓರಿಯಸ್ ತಿಗಣೆ. ಉದ್ದ ಸುಮಾರು 2 ಮಿ.ಮೀ. ಅಷ್ಟೇ. ಮರಿಗೆ ರೆಕ್ಕೆ ಇಲ್ಲ, ಮೈ ಹಳದಿ ಅಥವಾ ಕಿತ್ತಳೆ, ಕಣ್ಣು ಕೆಂಪು. ಈ ಮರಿಯನ್ನೇ ಥ್ರಿಪ್ಸ್ ಅಂದುಕೊಂಡು ಔಷಧಿ ಹೊಡೆದುಬಿಡುವುದು ಸುಲಭ. ಅದಕ್ಕೇ ಜೇಬಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತೇನೆ.

ಅದು ಬೇಟೆಯಾಡುವುದನ್ನು ಒಮ್ಮೆ ನೋಡಬೇಕು. ಮುಂಗಾಲಲ್ಲಿ ಥ್ರಿಪ್ಸನ್ನು ಅವುಚಿ ಹಿಡಿದು, ಚೂಪು ಸೊಂಡಿ ಚುಚ್ಚಿ, ರಸವೆಲ್ಲ ಹೀರಿ ಸಿಪ್ಪೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಮರಿಗಳೂ ಇದೇ ಕೆಲಸ ಮಾಡುತ್ತವೆ.

ಔಷಧಿಗೆ ಥ್ರಿಪ್ಸ್ ಯಾಕೆ ಬಗ್ಗುವುದಿಲ್ಲ ಗೊತ್ತಾ? ಮೊಟ್ಟೆ ಎಲೆಯ ತಿರುಳಿನೊಳಗೆ, ಕೋಶಾವಸ್ಥೆ ಬಹುಪಾಲು ಮಣ್ಣಿನಲ್ಲಿ, ದೊಡ್ಡವು ಹೂವಿನ ಆಳದಲ್ಲಿ. ಸಿಂಪರಣೆ ಅಲ್ಲಿಗೆಲ್ಲ ಹೋಗುವುದೇ ಇಲ್ಲ. ಆದರೆ ಹೊರಗೆ ಓಡಾಡುವ ಓರಿಯಸ್‌ಗೆ ಮಾತ್ರ ಸರಿಯಾಗಿ ತಗಲುತ್ತದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದ ಮೇಲೆ ಥ್ರಿಪ್ಸ್ ಮೊದಲಿಗಿಂತ ಜಾಸ್ತಿ ಆಗುವುದಕ್ಕೆ ಇದೂ ಒಂದು ಕಾರಣ. ನಾನು ಅದನ್ನು ಪೂರ್ತಿ ಬಿಟ್ಟಿದ್ದೇನೆ.

ಓರಿಯಸ್ಸನ್ನು ನಾನು ಕೊಂಡು ತಂದು ಬಿಡುವುದಿಲ್ಲ. ಆಯಾ ನೆಲದ ಜಾತಿಗಳು ತಾವೇ ಬರುತ್ತವೆ. ಭಾರತದಲ್ಲಿ ಓರಿಯಸ್ ಟ್ಯಾಂಟಿಲಸ್, ಓರಿಯಸ್ ಮ್ಯಾಕ್ಸಿಡೆಂಟೆಕ್ಸ್ ಇವೆ, ಅಮೆರಿಕದಲ್ಲಿ ಓರಿಯಸ್ ಇನ್‌ಸಿಡಿಯೋಸಸ್. ಬಂದವು ಉಳಿಯಬೇಕಾದರೆ ಹೊಟ್ಟೆಗೆ ಬೇಕು ಅಲ್ವಾ? ಬೇಟೆ ಇಲ್ಲದಾಗ ಅವು ಪರಾಗ ತಿಂದು ಬದುಕುತ್ತವೆ. ಅದಕ್ಕೆ ಬದುವಿನಲ್ಲಿ ಮುಸುಕಿನ ಜೋಳ, ಕೊತ್ತಂಬರಿ ಹಾಕುತ್ತೇನೆ. ಮೆಣಸು ಹೂ ಬಿಡುವ ಮೊದಲೇ ಇವು ಹೂವಿಗೆ ಬರುವಂತೆ ಬಿತ್ತನೆ ಮಾಡಬೇಕು, ಮುಖ್ಯ ವಿಷಯ ಇದೇ. ಕೊತ್ತಂಬರಿಯನ್ನು ಸೊಪ್ಪಿಗೆ ಕೀಳದೆ ಹೂವಿಗೆ ಬಿಡುತ್ತೇನೆ. ಪೈರಿನ ಕೀಟಗಳನ್ನು ತಿನ್ನುವ ಗುಲಗಂಜಿ ಹುಳು, ಕ್ರೈಸೋಪರ್ಲಾ (ಹಸಿರು ಜಾಲರಿ ರೆಕ್ಕೆಯ ಕೀಟ) ಕೂಡ ಅಲ್ಲಿಗೇ ಬರುತ್ತವೆ.

ಎಷ್ಟಿದ್ದರೆ ಸಾಕು? ದೊಣ್ಣೆ ಮೆಣಸಿನ ಮೇಲೆ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ಅಧ್ಯಯನದ ಪ್ರಕಾರ, ಸುಮಾರು 180 ಥ್ರಿಪ್ಸ್‌ಗೆ ಒಂದು ಓರಿಯಸ್ ಇದ್ದರೆ ಹಾವಳಿ ಇಳಿಯತೊಡಗುತ್ತದೆ, 40ಕ್ಕೆ ಒಂದಿದ್ದರೆ ಹತೋಟಿಗೇ ಬರುತ್ತದೆ. ಅಲ್ಲಿನ ಜಾತಿ ಬೇರೆ, ಹಾಗಾಗಿ ಇದನ್ನು ಅಂದಾಜಿಗೆ ಮಾತ್ರ ಬಳಸುತ್ತೇನೆ. ಹಾಳೆಯ ಮೇಲೆ ಓರಿಯಸ್ ಮರಿಗಳು ಕಂಡರೆ ಇನ್ನೂ ಒಳ್ಳೆಯದು. ಅವು ಇಲ್ಲೇ ಸಂಸಾರ ಹೂಡಿವೆ ಅಂತ ಅರ್ಥ. ಆಗ ಸುಮ್ನೆ ಕಾಯುತ್ತೇನೆ.

ಸಸಿ ಮಡಿಯಲ್ಲಿ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ. ಅಲ್ಲಿ ಹೂವಿಲ್ಲ, ಪರಾಗ ಇಲ್ಲ, ಓರಿಯಸ್ ನಿಲ್ಲುವುದಿಲ್ಲ. ಥ್ರಿಪ್ಸ್ ವೈರಸ್ ಹೊತ್ತು ತಂದರೆ ನಾಲ್ಕೇ ನಾಲ್ಕು ಇದ್ದರೂ ಸಸಿ ಹಾಳು. ಹಾಗಾಗಿ ನಾಟಿ ಮಾಡುವವರೆಗೂ ಮಡಿಗೆ ಒತ್ತು ಕಣ್ಣಿನ ಬಲೆ ಕಟ್ಟಿರುತ್ತೇನೆ.