ಎದೆ ಒತ್ತುವ ಯಂತ್ರಕ್ಕೆ ನಾವು ಅನುದಾನ ತಂದದ್ದು ಹೀಗೆ

ಆ ಮನೆಯ ಮೆಟ್ಟಿಲು ತುಂಬಾ ಕಿರಿದು. ಮಹಡಿಯ ಕೋಣೆಯಲ್ಲಿ ವಯಸ್ಸಾದವರೊಬ್ಬರು ಕುಸಿದು ಬಿದ್ದಿದ್ದರು. ಹೃದಯ ನಿಂತಿತ್ತು. ನಾವು ಹೋಗಿದ್ದು ಮೂವರು. ನಿಮಿಷಕ್ಕೆ 100ರಿಂದ 120 ಸಲ, ಕಡಿಮೆಯೆಂದರೂ 5 ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು, ಇಲ್ಲದಿದ್ದರೆ ಸುಸ್ತಾಗಿ ಒತ್ತು ಹಗುರಾಗುತ್ತದೆ. ನನ್ನ ಮೂರನೇ ಸರದಿಗೆ ತೋಳು ನಡುಗುತ್ತಿತ್ತು. ಆಮೇಲೆ ಅವರನ್ನು ಕೆಳಗಿಳಿಸಬೇಕಾಯಿತು. ಮೆಟ್ಟಿಲ ತಿರುವಿನಲ್ಲಿ ಪಕ್ಕದಲ್ಲಿ ನಿಂತು ಒತ್ತಲು ಜಾಗವೇ ಇಲ್ಲ. ಅಷ್ಟು ಹೊತ್ತೂ ಅವರ ಎದೆಯ ಮೇಲೆ ಯಾರ ಕೈಯೂ ಇರಲಿಲ್ಲ. ಅವರು ಉಳಿಯಲಿಲ್ಲ.

ನಾನು ತಿಪಟೂರಿನವಳು. ಈಗ ಇರುವುದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನಲ್ಲಿ. ಹಗಲು ಕಂಪ್ಯೂಟರ್ ಕೆಲಸ, ರಾತ್ರಿ ಮತ್ತು ವಾರಾಂತ್ಯ ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕಿ. ಆ ರಾತ್ರಿಯ ಕಥೆ ಹೇಳಿದಾಗ ಅಮ್ಮ ಫೋನಿನಲ್ಲಿ, “ಬೆಂಕಿ ಆರಿಸೋರಿಗೆ ಈ ಕೆಲ್ಸ ಯಾಕೆ ಬಂತು ಕಣೇ?” ಅಂದಳು. ಕೇಳಬೇಕಾದ ಪ್ರಶ್ನೆಯೇ. ಅಮೆರಿಕದಲ್ಲಿ ಅಗ್ನಿಶಾಮಕ ದಳಕ್ಕೆ ಬರುವ ಕರೆಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಆರೋಗ್ಯದ ತುರ್ತಿಗೆ. ಬೆಂಕಿಯ ಕರೆ ಬಹಳ ಕಡಿಮೆ. ನಮ್ಮಂಥ ಊರಿಗೆ ಆಂಬುಲೆನ್ಸ್ ದೂರದಿಂದ ಬರಬೇಕು, ನಾವು ಮೊದಲು ತಲುಪುತ್ತೇವೆ.

ಎದೆ ಒತ್ತುವ ಯಂತ್ರ ಇದೆ ಅಂತ ನಮಗೆಲ್ಲ ಗೊತ್ತಿತ್ತು. ಲೂಕಸ್ ಅಂತ ಹೆಸರು, ಮೂಲ ಸ್ವೀಡನ್ನಿನ ಲುಂಡ್ ಊರು. ಬೆನ್ನಿನ ಕೆಳಗೆ ಒಂದು ಹಲಗೆ, ಮೇಲೆ ಕಮಾನು, ನಡುವೆ ರಬ್ಬರಿನ ಬಟ್ಟಲು ಇರುವ ಕೊಳವೆ. ನಿಮಿಷಕ್ಕೆ 102 ಸಲ, ಸುಸ್ತಿಲ್ಲದೆ ಒತ್ತುತ್ತದೆ. ಒಂದಕ್ಕೆ 15ರಿಂದ 20 ಸಾವಿರ ಡಾಲರ್. ನಮ್ಮ ದಳದ ಆದಾಯ ಅಂದರೆ ಊರು ಕೊಡುವ ಸ್ವಲ್ಪ ಹಣ, ಶುಕ್ರವಾರ ಮೀನು ಕರಿದು ಮಾರಿದ್ದು, ಬಿಂಗೋ ಆಡಿಸಿದ್ದು. ಅದು ಡೀಸೆಲ್ಲಿಗೂ ಟೈರಿಗೂ ಆದರೆ ದೊಡ್ಡದು.

ಹಾಗಾಗಿ ಅನುದಾನದ ಕಡೆ ತಿರುಗಿದೆವು. ದೊಡ್ಡದು ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ ಕೊಡುವ ಅಸಿಸ್ಟೆನ್ಸ್ ಟು ಫೈರ್‌ಫೈಟರ್ಸ್ ಗ್ರ್ಯಾಂಟ್. 2001ರಿಂದ ನಡೆಯುತ್ತಿದೆ, ಎಲ್ಲರೂ ಎಎಫ್‌ಜಿ ಅನ್ನುತ್ತಾರೆ. ಮೊದಲ ವರ್ಷ ಅರ್ಜಿ ಹಾಕಲೇ ಆಗಲಿಲ್ಲ. ಕೇಂದ್ರ ಸರ್ಕಾರದ ಹಣ ಬೇಕಾದರೆ ಸ್ಯಾಮ್ ಅನ್ನುವ ತಾಣದಲ್ಲಿ ದಳದ ನೋಂದಣಿ ಇರಬೇಕು, ಪ್ರತಿ ವರ್ಷ ನವೀಕರಿಸಬೇಕು. ನೆನಪಿಸುವ ಮೇಲ್ ನಮ್ಮ ಹಳೆಯ ಖಜಾಂಚಿಯ ವಿಳಾಸಕ್ಕೆ ಹೋಗುತ್ತಿತ್ತು. ಅವರು ದಳ ಬಿಟ್ಟು ಎರಡು ವರ್ಷವಾಗಿತ್ತು. ನೋಂದಣಿ ಮತ್ತೆ ಜೀವ ಪಡೆಯುವ ಹೊತ್ತಿಗೆ ಗಡುವು ದಾಟಿತ್ತು. ನೀವು ಅರ್ಜಿ ಹಾಕುವವರಾದರೆ ದಯವಿಟ್ಟು ಇವತ್ತೇ ಅದನ್ನು ನೋಡಿ. ನಾನು ಆ ತಾರೀಖನ್ನು ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ, ಗೌರಿ ಹಬ್ಬದ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.

ಎರಡನೇ ವರ್ಷ ಅರ್ಜಿ ಹೋಯಿತು, ಹಣ ಬರಲಿಲ್ಲ. ಅದನ್ನು ಪಕ್ಕದ ಜಿಲ್ಲೆಯ ಹಿರಿಯ ಅಧಿಕಾರಿಯೊಬ್ಬರಿಗೆ ತೋರಿಸಿದೆ. ಅವರು ಹಿಂದೆ ಇಂಥ ಅರ್ಜಿಗಳಿಗೆ ಅಂಕ ಹಾಕಲು ಕೂತವರು. ಓದಿ ಮುಗಿಸಿ ಕೇಳಿದ್ದು ಒಂದೇ: ಇದರಲ್ಲಿ ನಿಮ್ಮ ಊರು ಎಲ್ಲಿದೆ? ಇದನ್ನು ಓದುವವರು ನಮ್ಮಂಥ ಅಗ್ನಿಶಾಮಕರೇ, ಹೃದಯ ನಿಂತರೆ ಏನಾಗುತ್ತದೆ ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ ಅಂದರು. ನಾನು ಎರಡು ಪುಟ ಅದನ್ನೇ ಬರೆದಿದ್ದೆ.

ಮೂರನೇ ಸಲ ಬರೆಯುವ ಮುಂಚೆ ಸ್ಟೇಷನ್ನಿನಿಂದ ಮೂರು ವರ್ಷದ ಕರೆ ಹಾಳೆಗಳ ಪೆಟ್ಟಿಗೆ ಮನೆಗೆ ತಂದೆ. ಹೃದಯ ನಿಂತ ಪ್ರತಿ ಕರೆಗೂ ನಾಲ್ಕು ವಿಷಯ ಹುಡುಕಿದೆ. ನಮ್ಮವರು ಎಷ್ಟು ಜನ ಬಂದರು? ಆಂಬುಲೆನ್ಸ್ ಬರುವವರೆಗೆ ಎಷ್ಟು ನಿಮಿಷ? ಮೆಟ್ಟಿಲು ಇತ್ತಾ? ಹಗಲೋ ರಾತ್ರಿಯೋ? ಒಂದು ಹಾಳೆಗೆ ಕಾಫಿ ಚೆಲ್ಲಿ ಸಮಯವೇ ಅಳಿಸಿಹೋಗಿತ್ತು, ಅದನ್ನು ಬಿಟ್ಟೆ. ಲೆಕ್ಕ ಮುಗಿದಾಗ ಕಂಡಿದ್ದು ನಾವ್ಯಾರೂ ಬಾಯಿಬಿಟ್ಟು ಹೇಳದಿದ್ದ ಸಂಗತಿ. ಕೆಲಸದ ದಿನ ಮಧ್ಯಾಹ್ನ ನಮ್ಮಿಂದ ಬರುತ್ತಿದ್ದವರು ಹೆಚ್ಚಿನ ಸಲ ಇಬ್ಬರು. ಉಳಿದವರೆಲ್ಲ ಬೇರೆ ಊರಿನಲ್ಲಿ ಡ್ಯೂಟಿಯಲ್ಲಿ. ಇಬ್ಬರಲ್ಲಿ ಒಬ್ಬರು ಒತ್ತುತ್ತಿದ್ದರೆ ಉಸಿರು ಕೊಡುವುದು, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಪೆಟ್ಟಿಗೆ ಹಚ್ಚುವುದು, ಮನೆಯವರನ್ನು ಮಾತಾಡಿಸುವುದು ಎಲ್ಲ ಇನ್ನೊಬ್ಬರ ತಲೆ ಮೇಲೆ.

ಹಳೆಯ ಅರ್ಜಿಯಲ್ಲಿದ್ದ ಇನ್ನೊಂದು ಮಾತನ್ನೂ ತೆಗೆದೆ. ಯಂತ್ರದಿಂದ ಜಾಸ್ತಿ ಜನ ಬದುಕುತ್ತಾರೆ ಅಂತ ಬರೆದಿದ್ದೆ. ಅದು ಸರಿಯಲ್ಲ. 2014ರಲ್ಲಿ ಪ್ರಕಟವಾದ ಲಿಂಕ್ ಅಧ್ಯಯನದಲ್ಲಿ ಸುಮಾರು 2,600 ರೋಗಿಗಳಿದ್ದರು. ಕೈಯಲ್ಲಿ ಚೆನ್ನಾಗಿ ಒತ್ತಿದವರಿಗೂ ಯಂತ್ರ ಬಳಸಿದವರಿಗೂ ಬದುಕುವುದರಲ್ಲಿ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ಹಾಗೇ ಬರೆದೆ. ಆದರೆ ನಮ್ಮಲ್ಲಿ ಚೆನ್ನಾಗಿ ಒತ್ತಲು ಬೇಕಾದಷ್ಟು ಕೈಗಳೇ ಇಲ್ಲ, ಮೆಟ್ಟಿಲಲ್ಲಿ ಒತ್ತು ನಿಂತೇಹೋಗುತ್ತದೆ, ಓಡುವ ಗಾಡಿಯಲ್ಲಿ ಬೆಲ್ಟ್ ಬಿಚ್ಚಿ ನಿಂತು ಒತ್ತುವವರ ಜೀವಕ್ಕೂ ಅಪಾಯ ಅಂತ ಬರೆದೆ. ಹಾಗೆ ಬರೆಯಲು ನನಗೆ ಧೈರ್ಯ ಬೇಕಾಯಿತು. ಈಗಲೂ ಅದೇ ಸರಿ ಅನ್ನಿಸುತ್ತದೆ.

ಹಣದ ಲೆಕ್ಕ ಸುಲಭ. 20,000ಕ್ಕಿಂತ ಕಡಿಮೆ ಜನರಿರುವ ಊರಾದರೆ ದಳ ತನ್ನ ಕಡೆಯಿಂದ ಅನುದಾನದ ಶೇ. 5ರಷ್ಟು ಸೇರಿಸಬೇಕು. ಎರಡು ಯಂತ್ರಕ್ಕೆ 36,000 ಡಾಲರ್ ಅಂದರೆ ನಮ್ಮ ಪಾಲು ಸುಮಾರು 1,700. ಬಟ್ಟಲು ಒಬ್ಬ ರೋಗಿಗೆ ಒಂದೇ ಸಲ, ಬ್ಯಾಟರಿಗೂ ಆಯಸ್ಸಿದೆ. ಆ ಖರ್ಚು ಮೀನಿನ ದುಡ್ಡಿನಿಂದ ಅಂತ ಖಜಾಂಚಿಯ ಪುಸ್ತಕದ ಅಂಕಿಯೊಂದಿಗೆ ತೋರಿಸಿದೆವು. ಒಬ್ಬ ಮಾರಾಟಗಾರ ಈಗಲೇ ಆರ್ಡರ್ ಕೊಟ್ಟರೆ ರಿಯಾಯಿತಿ ಅಂದ. ಬೇಡ ಅಂದೆವು. ಮಂಜೂರಾತಿಗೆ ಮುಂಚೆ ಕೊಂಡಿದ್ದಕ್ಕೆ ಅನುದಾನ ಸಿಗುವುದಿಲ್ಲ.

ಕಾಯುವ ತಿಂಗಳುಗಳಲ್ಲಿ ಎಇಡಿಗಾಗಿ ಫೈರ್‌ಹೌಸ್ ಸಬ್ಸ್ ಪ್ರತಿಷ್ಠಾನಕ್ಕೂ ಬರೆದೆವು. ಅಗ್ನಿಶಾಮಕರಾಗಿದ್ದ ಇಬ್ಬರು ಅಣ್ಣತಮ್ಮಂದಿರ ಸ್ಯಾಂಡ್‌ವಿಚ್ ಅಂಗಡಿಯಿಂದ ಹುಟ್ಟಿದ್ದು, 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ. ಖಾಲಿಯಾದ ಉಪ್ಪಿನಕಾಯಿ ಬಕೆಟ್ ಮಾರಿ ಕೂಡ ಹಣ ಕೂಡಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಅರ್ಜಿ ತೆಗೆದುಕೊಳ್ಳುತ್ತಾರೆ, ನಾವು ಬರೆದಾಗ 600 ತುಂಬಿದರೆ ಬಾಗಿಲು ಮುಚ್ಚುತ್ತಿತ್ತು. ಮೊದಲೇ ಬರೆದಿಟ್ಟುಕೊಂಡು, ತೆರೆದ ದಿನವೇ ಕಳಿಸಿ.

ಎಎಫ್‌ಜಿ ಮಂಜೂರಾಯಿತು. ಯಂತ್ರ ಬಂದ ಮೇಲೆ ಆರು ಮಂಗಳವಾರ ಬರೀ ಬೊಂಬೆಯ ಮೇಲೆ ಅಭ್ಯಾಸ. ಹಲಗೆ ಜಾರಿಸಲು ಒಂದು ಸಣ್ಣ ಬಿಡುವು, ಕಮಾನು ಕೂರಿಸಲು ಇನ್ನೊಂದು. ಯಾವುದೂ 10 ಸೆಕೆಂಡ್ ದಾಟಬಾರದು. ಮೊದಲ ದಿನ ನಮಗೆ 31 ಸೆಕೆಂಡ್ ಹಿಡಿಯಿತು. ಮನುಷ್ಯರ ಮೇಲಾಗಿದ್ದರೆ ಅಷ್ಟು ಹೊತ್ತು ಮಿದುಳಿಗೆ ರಕ್ತ ಇಲ್ಲ. ಆರನೇ ಮಂಗಳವಾರ 8ಕ್ಕೆ ಬಂತು.

ಅದಾದ ಮೇಲೆ ಮತ್ತೊಂದು ಮಹಡಿ ಮನೆಗೆ ಕರೆ ಬಂತು. ಮಧ್ಯಾಹ್ನ, ನಾವಿಬ್ಬರೇ. ಆಂಬುಲೆನ್ಸಿನವರು ಬಂದು ಕೆಳಗಿಳಿಸುವಾಗ ನಾನು ತಲೆಯ ಕಡೆ ಹಿಡಿದಿದ್ದೆ. ತಿರುವಿನಲ್ಲಿ ಗೋಡೆಗೆ ಭುಜ ತಾಗಿತು, ಸ್ಟ್ರೆಚರ್ ವಾಲಿತು. ಯಂತ್ರದ ಟಕ್ ಟಕ್ ಸದ್ದು ನಿಲ್ಲಲಿಲ್ಲ.