ಸೂಪರ್‌ವೈಸರ್‌ಗಳ ನಾಯಕತ್ವ ತರಬೇತಿ: ಎಂಬಿಎ ಪ್ರಾಜೆಕ್ಟಿನಲ್ಲಿ ಅಳೆಯುವುದು ಹೇಗೆ?

ಮಾನಸಗಂಗೋತ್ರಿಯಲ್ಲೋ ಮಂಡ್ಯದಲ್ಲೋ ಎಚ್‌ಆರ್ ಓದುವವರು ‘ನಾಯಕತ್ವದ ಪರಿಣಾಮ’ ಎಂಬಷ್ಟು ಅಗಲದ ವಿಷಯ ಹಿಡಿದರೆ ಪ್ರಾಜೆಕ್ಟ್ ಮುಗಿಯುವುದೇ ಇಲ್ಲ. ಮೈಸೂರಿನ ಹೆಬ್ಬಾಳ ಅಥವಾ ಕೂರ್ಗಳ್ಳಿಯ ಒಂದು ಕಾರ್ಖಾನೆ, ಒಂದು ತರಬೇತಿ, ಅದಕ್ಕೆ ಕೂತ ಸೂಪರ್‌ವೈಸರ್‌ಗಳು, ಇಷ್ಟು ಸಾಕು.

ತರಬೇತಿಯ ಫಲ ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ನಾಲ್ಕು ಹಂತಗಳು ಈಗಲೂ ಕೆಲಸಕ್ಕೆ ಬರುತ್ತವೆ: ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ. ಮೊದಲ ಹಂತದಲ್ಲೇ ನಿಲ್ಲಬೇಡಿ. ಊಟ ಚೆನ್ನಾಗಿದ್ದರೆ ಸಾಕು, ಅಲ್ಲಿ ಅಂಕ ಏರುತ್ತದೆ. ತಿರುಳಿರುವುದು ಮೂರನೆಯದರಲ್ಲಿ.

ವರ್ತನೆಯನ್ನು ತರಬೇತಿಗೆ ಮುಂಚೆ ಒಮ್ಮೆ, ಮುಗಿದ ಎರಡು ಮೂರು ತಿಂಗಳಿಗೆ ಇನ್ನೊಮ್ಮೆ ಅಳೆಯಿರಿ. ಪ್ರತಿ ಸೂಪರ್‌ವೈಸರ್ ಕೈಕೆಳಗಿನ ಐದಾರು ಕಾರ್ಮಿಕರನ್ನೂ ಕೇಳಲೇಬೇಕು, ರಾತ್ರಿ ಪಾಳಿಯವರನ್ನು ಸೇರಿಸಿ. ‘ಅವರು ಪ್ರೇರಣೆ ನೀಡುತ್ತಾರೆಯೇ?’ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಹೋದ ವಾರ ಎಷ್ಟು ದಿನ ಶಿಫ್ಟ್ ಶುರುವಾಗೋ ಮುಂಚೆ ಯಾರಿಗೆ ಯಾವ ಕೆಲಸ ಅಂತ ಹೇಳಿದ್ರು?’ ಎಂದು ಕೇಳಿ. ಎಣಿಸಬಹುದಾದ ಉತ್ತರ ಸಿಗುತ್ತದೆ.

ಈ ಪ್ರಶ್ನೆಗಳ ಫಾರಂಗಳನ್ನು ಎಚ್‌ಆರ್ ಕಚೇರಿಯಿಂದ ಹಂಚಿಸಬೇಡಿ. ಕೆಲಸದ ಭಯಕ್ಕೆ ಎಲ್ಲರೂ ಐದಕ್ಕೆ ಐದು ಹಾಕಿಬಿಡುತ್ತಾರೆ. ನೀವೇ ಕೊಟ್ಟು ನೀವೇ ವಾಪಸ್ ಪಡೆಯಿರಿ. ಹೆಸರು ಬರೆಸದೆ ಕೋಡ್ ಕೊಡಿ. ಕೋಡ್ ಇಲ್ಲದಿದ್ದರೆ ಮೊದಲ ಮತ್ತು ಎರಡನೇ ಫಾರಂ ಜೋಡಿಯಾಗುವುದಿಲ್ಲ, ಒಬ್ಬರದೇ ಎರಡು ಅಳತೆಗಳನ್ನು ಹೋಲಿಸುವ ಪೇರ್ಡ್ ಟಿ-ಟೆಸ್ಟ್ ಮಾಡಲಾಗುವುದಿಲ್ಲ.

ತರಬೇತಿಯಾಗದ ಇನ್ನೊಂದು ಉತ್ಪಾದನಾ ಲೈನನ್ನೂ ಹೋಲಿಕೆಗೆಂದು ಜೊತೆಗೆ ಅಳೆಯಿರಿ. ಮಂಡ್ಯದ ಸಕ್ಕರೆ ಕಾರ್ಖಾನೆಯಾದರೆ ಇದು ಇನ್ನೂ ಮುಖ್ಯ: ಮೊದಲ ಅಳತೆ ಹಂಗಾಮಿಗೆ ಮುಂಚೆ, ಎರಡನೆಯದು ಕಬ್ಬು ನುರಿಯುವಾಗ ಬಿದ್ದರೆ, ಕಂಡ ಬದಲಾವಣೆ ತರಬೇತಿಯದೋ ಹಂಗಾಮಿನದೋ ಹೇಳಲು ಬರುವುದಿಲ್ಲ.