ಮೂರು ಸಿಲಿಂಡರಿನ ರೇಡಿಯಲ್ ಎಂಜಿನ್: ಸ್ಟಾರ್ಟರ್ ಹಚ್ಚುವ ಮುನ್ನ

ದೊಡ್ಡ ಮಾದರಿ ವಿಮಾನಗಳಿಗೆಂದು ಜಪಾನಿನ ಸೈಟೊ ಕಂಪನಿ ತಯಾರಿಸುವ ಎಫ್‌ಜಿ-60ಆರ್3ಯಂತಹ ಮೂರು ಸಿಲಿಂಡರಿನ ಪೆಟ್ರೋಲ್ ರೇಡಿಯಲ್ ಎಂಜಿನ್ನಿನಲ್ಲಿ (ನಡುವಿನ ಕ್ರ್ಯಾಂಕ್‌ಕೇಸಿನ ಸುತ್ತ ಸಿಲಿಂಡರುಗಳು ಚಕ್ರದ ಅರೆಗಳಂತೆ ನಿಂತಿರುವ ಎಂಜಿನ್) ಸಾಮಾನ್ಯವಾಗಿ ಒಂದು ಸಿಲಿಂಡರ್ ನೆಟ್ಟಗೆ ಮೇಲಕ್ಕೂ ಉಳಿದೆರಡು ಎಡಬಲಕ್ಕೆ ಇಳಿಮುಖವಾಗಿಯೂ ನಿಂತಿರುತ್ತವೆ. ಇಂಧನಕ್ಕೆ ಬೆರೆಸಿದ ಎಣ್ಣೆಯೇ ಒಳಭಾಗಗಳಿಗೆಲ್ಲ ಆಧಾರ. ಕೈಪಿಡಿಯಲ್ಲಿ 20:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಎಣ್ಣೆ ಹಾಕಬೇಕು, ಹೊಗೆ ಕಡಿಮೆಯಾಗಲೆಂದು ಇದರಲ್ಲಿ ಜಿಪುಣತನ ಮಾಡಬಾರದು.

ಎಂಜಿನ್ ನಿಂತ ಮೇಲೆ ಇದೇ ಎಣ್ಣೆ ಮೆಲ್ಲನೆ ಜಿನುಗಿ ಕೆಳಗಿನ ಎರಡು ಸಿಲಿಂಡರುಗಳಲ್ಲಿ ಸೇರಿಕೊಳ್ಳುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಆಗದು. ಆದ್ದರಿಂದ ವಾರಗಟ್ಟಲೆ ಸುಮ್ಮನಿದ್ದ ಎಂಜಿನ್ನಿಗೆ ನೇರವಾಗಿ ಎಲೆಕ್ಟ್ರಿಕ್ ಸ್ಟಾರ್ಟರ್ ಹಚ್ಚಿದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುವ ಸಂಭವವಿದೆ. ನಾನು ಈ ಪಾಠವನ್ನು ಒಂದು ರಾಡ್ ತೆತ್ತು ಕಲಿತೆ.

ಮೊದಲು ಇಗ್ನಿಷನ್ ಬ್ಯಾಟರಿಯ ಸಂಪರ್ಕವನ್ನೇ ತೆಗೆದಿಡಿ. ಸ್ವಿಚ್ ಆರಿಸಿದರೆ ಸಾಲದು. ಕೆಳಗಿನ ಎರಡೂ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕೆಳಗೆ ಬಟ್ಟೆ ಹಾಸಿ, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ನಾಲ್ಕಾರು ಸುತ್ತು ತಿರುಗಿಸಿ. ಕಪ್ಪು ಎಣ್ಣೆ ತೊಟ್ಟಿಕ್ಕಿದರೆ ಗಾಬರಿ ಬೇಡ. ಪ್ಲಗ್ ಬಿಚ್ಚದೆ ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ಹಿಡಿದುಕೊಂಡರೆ ಬಲ ಪ್ರಯೋಗಿಸಬೇಡಿ, ಹಿಂದಕ್ಕೂ ತಿರುಗಿಸಬೇಡಿ. ಹಾಗೆ ಮಾಡಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕುಳಿತು, ಎಂಜಿನ್ ಶುರುವಾದ ಕ್ಷಣದಲ್ಲಿ ಮತ್ತೆ ಸಿಲಿಂಡರಿಗೆ ನುಗ್ಗುತ್ತದೆ.

ಪ್ಲಗ್‌ಗಳು ಹೊರಗಿರುವಾಗಲೇ ಟ್ಯಾಪೆಟ್ ಸಂದನ್ನೂ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಕಿರು ಅಂತರ) ನೋಡಿಬಿಡುವುದು ಒಳ್ಳೆಯದು. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮೇಲಿನ ಪ್ಲಗ್ಗನ್ನೂ ತೆಗೆದು, ಪ್ಲಗ್ ರಂಧ್ರದ ಮೇಲೆ ಬೆರಳಿಟ್ಟು ಪ್ರೊಪೆಲ್ಲರ್ ತಿರುಗಿಸಿದಾಗ ಗಾಳಿ ಬೆರಳನ್ನು ನೂಕಿದರೆ ಅದು ಕಂಪ್ರೆಷನ್ ಹಂತ. ಪಿಸ್ಟನ್ ತುತ್ತತುದಿಗೆ ಬಂದಾಗ ಎರಡೂ ವಾಲ್ವ್‌ಗಳು ಮುಚ್ಚಿರುತ್ತವೆ. ಈ ಗಾತ್ರದ ಹಲವು ಎಂಜಿನ್‌ಗಳಿಗೆ 0.03ರಿಂದ 0.10 ಮಿ.ಮೀ. ಸಂದು ಹೊಂದುತ್ತದೆಯಾದರೂ ನಿಮ್ಮ ಕೈಪಿಡಿಯ ಅಂಕಿಯೇ ಅಂತಿಮ. ಸಂದಿನಲ್ಲಿ ತೂರಿಸಿ ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಸ್ವಲ್ಪ ತಡೆದು ಜಾರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಕೂಡ ತುಸು ತಿರುಗಿಬಿಡುವುದರಿಂದ, ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಮುಂದಿನ ಸರದಿ ಪಕ್ಕದ ಸಿಲಿಂಡರಿನದಲ್ಲ, ತಿರುಗುವ ದಿಕ್ಕಿನಲ್ಲಿ ಒಂದನ್ನು ಬಿಟ್ಟು ಅದರಾಚೆಯದು. ಪ್ರೊಪೆಲ್ಲರನ್ನು 240 ಡಿಗ್ರಿ ತಿರುಗಿಸಿದರೆ ಅದರ ಕಂಪ್ರೆಷನ್ ತುದಿ ಸಿಗುತ್ತದೆ.

ಪ್ಲಗ್‌ಗಳನ್ನು ಮೊದಲು ಬೆರಳಿನಿಂದಲೇ ಕೂರಿಸಿ, ಆಮೇಲೆ ಪಾನಾ ಹಿಡಿಯಿರಿ. ಪ್ಲಗ್ ಕ್ಯಾಪ್‌ಗಳನ್ನೆಲ್ಲ ಒತ್ತಿ ಸೇರಿಸಿದ ಮೇಲಷ್ಟೇ ಬ್ಯಾಟರಿ ಜೋಡಿಸಬೇಕು, ಏಕೆಂದರೆ ಕ್ಯಾಪ್ ಹೊರಗಿರುವಾಗ ಕಿಡಿ ಹೊಮ್ಮಿದರೆ ಇಗ್ನಿಷನ್ ಘಟಕವೇ ಸುಟ್ಟುಹೋಗಬಹುದು. ಎಂಜಿನ್ ಕೆಲವು ನಿಮಿಷ ಓಡಿದ ಮೇಲೆ ನಿಲ್ಲಿಸಿ, ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮೂರೂ ಸಿಲಿಂಡರ್ ತಲೆಗಳ ಬಿಸಿಯನ್ನು ಹೋಲಿಸಿ ನೋಡಿ. ಒಂದು ಮಾತ್ರ ಎದ್ದು ಕಾಣುವಷ್ಟು ತಣ್ಣಗಿದ್ದರೆ ಅದು ಉರಿಯುತ್ತಿಲ್ಲ. ಕಾರ್ಬುರೇಟರಿನ ಸೂಜಿಗೆ ಕೈ ಹಾಕುವ ಮೊದಲು ಆ ಪ್ಲಗ್ಗನ್ನು ಪರೀಕ್ಷಿಸಿ.

ಹಾರಾಟ ಮುಗಿದ ದಿನ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ನನ್ನು ಓಡಿಸಿಬಿಡಿ. ನಮ್ಮ ಬಂಕುಗಳ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರುತ್ತದೆ, ಕಾರ್ಬುರೇಟರಿನೊಳಗಿನ ತೆಳು ಪೊರೆಯಾದ ಡಯಾಫ್ರಮ್ಮನ್ನೂ ಹಾಳುಮಾಡಬಲ್ಲದು. ಕ್ರ್ಯಾಂಕ್‌ಕೇಸಿನ ಬ್ರೀದರ್ ಕೊಳವೆಯಿಂದ ಒಳಗಿನ ಗಾಳಿಯೂ ಎಣ್ಣೆಯೂ ಹೊರಬರುವುದರಿಂದ ಅದನ್ನು ಮಾತ್ರ ಮುಚ್ಚದೆ, ಅದರ ಬಾಯಿಗೆ ಚಿಕ್ಕದೊಂದು ಡಬ್ಬಿ ಹಿಡಿಯಿರಿ.